ಮ್ಯಾಟಿಗೆ ಮೈಲಿಯ ಲೆಕ್ಕವಿಲ್ಲ

ಡೆಲ್ಮರ್ ಹಾಗ್ಲಂಡನ ಕಿವಿಗಳನ್ನು ನೋಡಿ ಹೊಸ ಮಕ್ಕಳು ಮೊದಲ ದಿನ ನಗುತ್ತಾರೆ. ಅವನ ಕೈಗೆ ಒಮ್ಮೆ ಸಿಕ್ಕಿದ ಮೇಲೆ ನಗುವುದಿಲ್ಲ. ಚಿಕ್ಕಂದಿನಿಂದ ಕುಸ್ತಿ ಆಡಿ, ತಲೆಗೆ ತಲೆ ಉಜ್ಜಿ ಉಜ್ಜಿ, ಎರಡು ಕಿವಿಯೂ ಹೂಕೋಸಿನ ಹಾಗೆ ಗಂಟುಗಟ್ಟಿವೆ. ಡ್ರೈ ಫೋರ್ಕ್ ಹೈಸ್ಕೂಲಿನಲ್ಲಿ ಬೆಳಿಗ್ಗೆ ವೆಲ್ಡಿಂಗ್ ಕಲಿಸುವವನು ಅವನೇ, ಸಂಜೆ ಕುಸ್ತಿ ಕಲಿಸುವವನೂ ಅವನೇ, ಶನಿವಾರ ಪಂದ್ಯಕ್ಕೆ ಹೊರಟರೆ ಬಸ್ಸು ಓಡಿಸುವವನೂ ಅವನೇ. ಇಷ್ಟೆಲ್ಲ ಒಬ್ಬನೇ ಮಾಡುವವನಿಗೆ ಒಂದಿಷ್ಟು ಬಿಂಕ ಇರಲಿ ಎನ್ನೋಣ. ಇವನಿಗೆ ಒಂದಿಷ್ಟಲ್ಲ, ಧಾರಾಳವಾಗಿಯೇ ಇದೆ.

ನಾನು ಮಾರ್ಲಿಸ್. ಅದೇ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ, ಪಂದ್ಯಗಳಲ್ಲಿ ಗಡಿಯಾರದ ಮೇಜಿಗೆ ಕೂರುತ್ತೇನೆ. ಎಷ್ಟೋ ಚಳಿಗಾಲಗಳನ್ನು ಅವನ ಬಸ್ಸಿನ ಮುಂದಿನ ಸೀಟಿನಲ್ಲಿ ಕಳೆದವಳು. ಹಾಗಾಗಿ ಅವನನ್ನು ಬೈಯುವ ಹಕ್ಕು ನನಗಿದೆ, ಹೊಗಳುವ ಹಕ್ಕೂ ಇದೆ. ಎರಡನೆಯದನ್ನು ಅವನ ಎದುರಿಗೆ ಬಳಸುವುದಿಲ್ಲ.

ಮೊಂಟಾನಾದ ಈ ಪೂರ್ವದ ಅಂಚಿನಲ್ಲಿ ಪಕ್ಕದ ಶಾಲೆ ಎಂದರೂ ಒಂದೂವರೆ ಗಂಟೆಯ ದಾರಿ. ರಾಜ್ಯದ ಒಳಗೆ ಎಷ್ಟು ದೂರ ಬೇಕಾದರೂ ಹೋಗಬಹುದು. ಹಿಮ ಬೀಳುವ ಕಣಿವೆಗಳನ್ನು ದಾಟಿ, ಇಡೀ ದಿನ ಬಸ್ಸಿನಲ್ಲಿ ಕುಲುಕಿ, ಇನ್ನೊಂದು ತುದಿಗೆ ಹೋಗಿ ಬಂದರೂ ಯಾರೂ ಏನೂ ಕೇಳುವುದಿಲ್ಲ. ಆದರೆ ಗೆರೆ ದಾಟಿ ಪಕ್ಕದ ರಾಜ್ಯಕ್ಕೆ ಪಂದ್ಯಕ್ಕೆ ಹೊರಟಿರೋ, ಕ್ರೀಡಾ ಸಂಘದ ನಿಯಮ ಎದ್ದು ನಿಲ್ಲುತ್ತದೆ: ಶಾಲೆಯ ಬಾಗಿಲಿನಿಂದ ಮುನ್ನೂರು ಮೈಲಿ, ಅದರಾಚೆ ಇಲ್ಲ. ಮಕ್ಕಳು ಪಾಠ ತಪ್ಪಿಸಿಕೊಳ್ಳಬಾರದಂತೆ. ರಾಜ್ಯದೊಳಗೆ ಐನೂರು ಮೈಲಿ ಹೋದಾಗ ಪಾಠ ಎಲ್ಲಿಗೆ ಹೋಗುತ್ತದೋ, ನಿಯಮ ಬರೆದವರನ್ನೇ ಕೇಳಬೇಕು.

ಈ ನಿಯಮ ನಮ್ಮನ್ನು ನಿಜವಾಗಿ ಕಚ್ಚಿದ್ದು ಟ್ರೆಸಾ ಕೋಲ್‌ಸ್ಟಡ್‌ಳ ವಿಷಯದಲ್ಲಿ. ದನ ಸಾಕುವ ಮನೆಯ ಹುಡುಗಿ, ಹೈಸ್ಕೂಲಿನ ಕೊನೆಯ ವರ್ಷ. ಹುಡುಗಿಯರ ಕುಸ್ತಿ ನಮ್ಮಲ್ಲಿ ಆಗಷ್ಟೇ ಶುರುವಾಗಿತ್ತು, ಅವಳದು ಎಲ್ಲಕ್ಕಿಂತ ಮೇಲಿನ ತೂಕದ ವರ್ಗ. ನಮ್ಮ ಭಾಗದ ಯಾವ ಶಾಲೆಯಲ್ಲೂ ಅವಳ ಸಮಕ್ಕೆ ನಿಲ್ಲುವವಳು ಇರಲಿಲ್ಲ. ಬೆಟ್ಟದ ಕಡೆಯ ಶಾಲೆಗಳಲ್ಲಿ ಇದ್ದರು. ಆದರೆ ಅವರ ಪಂದ್ಯಗಳ ಪಟ್ಟಿ ವರ್ಷದ ಮೊದಲೇ ತುಂಬಿರುತ್ತದೆ, ನಮಗೆ ಅವರು ಎದುರಾಗುವುದು ಫೆಬ್ರವರಿಯ ರಾಜ್ಯ ಪಂದ್ಯದಲ್ಲಿ ಮಾತ್ರ.

ಎದುರಾಳಿ ಇಲ್ಲದಿದ್ದರೂ ಕುಸ್ತಿಯಲ್ಲಿ ಒಂದು ಶಾಸ್ತ್ರ ಇದೆ. ಹುಡುಗಿ ಬಿಗಿ ಉಡುಪು ತೊಟ್ಟು, ತಲೆಗೆ ಕಿವಿಕಾಪು ಬಿಗಿದು ಮ್ಯಾಟಿನ ನಡುವೆ ಹೋಗಿ ನಿಲ್ಲಬೇಕು. ರೆಫರಿ ಬಂದು ಅವಳ ಕೈ ಎತ್ತುತ್ತಾನೆ. ಗೆದ್ದಳು! ಜನ ಚಪ್ಪಾಳೆ ತಟ್ಟುತ್ತಾರೆ, ಅವಳು ಬಂದು ಬೆಂಚಿನ ಮೇಲೆ ಕೂರುತ್ತಾಳೆ. ಆ ಚಳಿಗಾಲ ಟ್ರೆಸಾ ಹೀಗೆಯೇ ಗೆದ್ದಳು, ಗೆಲ್ಲುತ್ತಲೇ ಹೋದಳು. ಮೈಯಲ್ಲಿ ಒಂದು ಹನಿ ಬೆವರಿಲ್ಲದೆ ನಡೆದು ಬರುವ ಅವಳ ಮುಖ ನೋಡಲಾಗದೆ ನಾನು ಗಡಿಯಾರದ ಕಡೆ ತಿರುಗುತ್ತಿದ್ದೆ.

ಜನವರಿಯ ಒಂದು ಮಧ್ಯಾಹ್ನ ಅವಳು ವೆಲ್ಡಿಂಗ್ ಶೆಡ್ಡಿಗೇ ಬಂದಳು. ನಾನೂ ಅಲ್ಲೇ ಇದ್ದೆ, ನನ್ನ ಕುರ್ಚಿಯ ಕಾಲಿಗೆ ಬೆಸುಗೆ ಹಾಕಿಸಲು ಹೋಗಿದ್ದೆ.

“ಕೋಚ್, ನಾನು ಬಿಡ್ತೀನಿ,” ಎಂದಳು.

ಡೆಲ್ಮರ್ ಮುಖವಾಡ ಮೇಲೆತ್ತಿದ. “ಏನನ್ನ?”

“ಕುಸ್ತೀನ. ಹೋಗ್ತೀನಿ, ಕೈ ಎತ್ತಿಸ್ಕೊಂಡು ಬರ್ತೀನಿ. ಅದಕ್ಕೆ ನಾನೇ ಯಾಕೆ ಬೇಕು? ನಮ್ಮನೆ ಬೆದರುಗೊಂಬೆ ನಿಲ್ಸಿದ್ರೂ ಆಗುತ್ತೆ.”

“ಮುಂದಿನ ತಿಂಗಳು ರಾಜ್ಯ ಪಂದ್ಯ ಇದೆಯಲ್ಲ.”

“ಒಂದು ಸಲಾನೂ ಆಡದೆ ಅಲ್ಲಿಗೆ ಹೋಗ್ಲಾ? ಮೊದಲನೇ ನಿಮಿಷದಲ್ಲೇ ನನ್ನ ಚಿತ್ ಮಾಡಿ ಬಿಸಾಕ್ತಾರೆ. ಪ್ರಾಕ್ಟೀಸಲ್ಲಿ ಹುಡುಗ್ರು ನನ್ನ ಮೊಟ್ಟೆ ಥರ ಹಿಡ್ಕೋತಾರೆ ಕೋಚ್. ಒಂದೇ ಒಂದು ನಿಜವಾದ ಕುಸ್ತಿ ಕೊಡ್ಸಿ. ಇಲ್ಲಾಂದ್ರೆ ಬಿಟ್ಬಿಡಿ ನನ್ನ.”

ಡೆಲ್ಮರ್ ಯೋಚಿಸಲೇ ಇಲ್ಲ. “ಈ ಶನಿವಾರ ಬಿಟ್ಟು ಬರೋ ಶನಿವಾರ. ಕೊಡಿಸ್ತೀನಿ,” ಎಂದುಬಿಟ್ಟ. ಅವನ ಗುಣವೇ ಹಾಗೆ, ಮಾತು ಮೊದಲು, ದಾರಿ ಆಮೇಲೆ.

ಅವನ ಮನಸ್ಸಿನಲ್ಲಿದ್ದದ್ದು ಸೌತ್ ಡಕೋಟಾದ ಒಂದು ಶಾಲೆ. ಆ ಶನಿವಾರ ಅಲ್ಲಿ ಹುಡುಗಿಯರ ಪಂದ್ಯಾವಳಿ, ಟ್ರೆಸಾಳ ತೂಕದ ಶೌನಾ ಬ್ರೆಮರ್ ಎಂಬ ಗಟ್ಟಿಗಿತ್ತಿಯೂ ಅದೇ ಶಾಲೆಯವಳು. ನಾವಿಬ್ಬರೂ ಪ್ರಿನ್ಸಿಪಾಲ್ ರೋಲೆನ್ ಸ್ಟಬ್ಸನ ಹತ್ತಿರ ಹೋದೆವು. ರೋಲೆನ್ ಕೂಡ ಒಂದು ಕಾಲಕ್ಕೆ ಡೆಲ್ಮರನ ಕೈಯಲ್ಲಿ ಮ್ಯಾಟಿನ ಮೇಲೆ ಹಣ್ಣಾದವನೇ. ಈಗ ಟೈ ಕಟ್ಟಿಕೊಂಡು ಮೇಜಿನ ಹಿಂದೆ ಕೂತರೂ ಗುರುವಿನ ಎದುರು ಬೆನ್ನು ನೆಟ್ಟಗಾಗುತ್ತದೆ.

“ಮುನ್ನೂರ ಒಂಬತ್ತು ಮೈಲಿ ಕೋಚ್,” ಎಂದ ರೋಲೆನ್, ಪಾಪ, ನಿಜವಾದ ಸಂಕಟದಿಂದ. “ಒಂಬತ್ತು ಜಾಸ್ತಿ. ಸಂಘದವರು ಒಪ್ಪಲ್ಲ.”

“ಫುಟ್‌ಬಾಲ್ ಮೈದಾನದ ಆಚೆ ಗೇಟಿಂದ ಅಳಿ.”

“ಆವಾಗ್ಲೂ ಮುನ್ನೂರ ಎಂಟೂವರೆ ಆಗುತ್ತೆ. ಶಾಲೇನ ಕಿತ್ತು ಮುಂದಕ್ಕೆ ಇಡೋಕಾಗುತ್ತಾ?”

“ನೀನು ಹೂಂ ಅನ್ನು, ಇಡ್ತೀನಿ.”

“ಕೋಚ್, ಸುಮ್ನೆ ಹೋಗಿಬಂದ್ರೆ ರಾಜ್ಯ ಪಂದ್ಯಕ್ಕೆ ಇಡೀ ತಂಡಾನೇ ಬಿಡಲ್ಲ. ನಿಮಗೇ ಗೊತ್ತಲ್ಲ.”

ಗೊತ್ತಿತ್ತು. ಡೆಲ್ಮರ್ ಗುರ್ ಎಂದುಕೊಂಡೇ ಹೊರಗೆ ಬಂದ. ಜಿಮ್ಮಿನಲ್ಲಿ ಬಾಸ್ಕೆಟ್‌ಬಾಲಿಗೆ ಜಾಗ ಬಿಡಲೆಂದು ಹುಡುಗರು ನಮ್ಮ ಮ್ಯಾಟನ್ನು ತುಂಡು ತುಂಡಾಗಿ ಬಿಚ್ಚಿ ಸುತ್ತಿ ಗೋಡೆಗೆ ಒರಗಿಸುತ್ತಿದ್ದರು. ಅದು ಅಲ್ಲಿ ದಿನಾ ನಡೆಯುವ ಕೆಲಸ. ಡೆಲ್ಮರ್ ಅದನ್ನೇ ನೋಡುತ್ತ ನಿಂತ. ಆಮೇಲೆ ನನ್ನ ಕಡೆ ತಿರುಗಿದ. ಆ ನಗು ನನಗೆ ಗೊತ್ತು, ಅದು ಬಂತೆಂದರೆ ನನ್ನ ಶನಿವಾರ ಹಾಳಾಯಿತೆಂದೇ ಅರ್ಥ.

“ಮಾರ್ಲಿಸ್, ನಿಯಮ ಅಳೆಯೋದು ತಂಡಾನ ತಾನೆ?”

“ಹೂಂ, ಇನ್ಯಾರನ್ನ?”

“ಮ್ಯಾಟ್ ಎಲ್ಲಿಗೆ ಹೋಗುತ್ತೆ ಅಂತ ಯಾರೂ ಅಳೆಯಲ್ವಲ್ಲ?”

ಅಷ್ಟೇ. ಸಂಜೆಯೊಳಗೆ ಆ ಕಡೆಯ ಕೋಚಿಗೆ ಫೋನು ಹೋಯಿತು. ಅವರ ಪಂದ್ಯಾವಳಿ ಶುಕ್ರವಾರ ಸಂಜೆಗೇ ಮುಗಿಸಿಕೊಳ್ಳುತ್ತಾರಂತೆ, ಶನಿವಾರ ಶೌನಾಳನ್ನೂ ಇನ್ನೂ ನಾಲ್ಕಾರು ಹುಡುಗಿಯರನ್ನೂ ಕರೆದುಕೊಂಡು ಅರ್ಧ ದಾರಿ ಬರುತ್ತಾರಂತೆ. ಸರಿಸುಮಾರು ನಡುವೆ, ಗೆರೆಯಿಂದ ಒಂದು ಬೇಲಿಯಷ್ಟು ಈಚೆಗೆ, ಲೈನ್ ಕ್ರೀಕ್ ಎಂಬಲ್ಲಿ ದನದ ಹರಾಜಿನ ದೊಡ್ಡ ಶೆಡ್ ಇದೆ. ನಮ್ಮ ಲೆಕ್ಕದಲ್ಲಿ ನಾವು ರಾಜ್ಯ ಬಿಟ್ಟು ಹೋಗುವುದೇ ಇಲ್ಲ, ಅವರಿಗೂ ಮುನ್ನೂರರ ಅರ್ಧ. ರೋಲೆನ್ ಸಂಘಕ್ಕೆ ಫೋನ್ ಮಾಡಿ ಕೇಳಿದ. ಪರವಾನಗಿ ಇರುವ ರೆಫರಿ ಬೇಕು, ಮೊದಲು ತೂಕ ಆಗಬೇಕು, ಅಷ್ಟಾದರೆ ತಕರಾರಿಲ್ಲ ಎಂದರು.

ಶನಿವಾರ ಮ್ಯಾಟನ್ನು ಹುಲ್ಲಿನ ಟ್ರೈಲರಿಗೆ ಹೇರಿ ಕೊಂಡೊಯ್ದೆವು. ಡೆಲ್ಮರ್ ಅಂಟುಪಟ್ಟಿ ತಂದ, ಗಡಿಯಾರ ತಂದ, ಮ್ಯಾಟ್ ಒರೆಸುವ ಔಷಧಿ ತಂದ, ದೊಡ್ಡ ಹಂಡೆಯಲ್ಲಿ ರಾಜ್ಮಾ-ಮಾಂಸದ ಖಾರದ ಗೊಜ್ಜನ್ನೂ ಬುಟ್ಟಿ ತುಂಬ ದಾಲ್ಚಿನ್ನಿ ರೋಲನ್ನೂ ತಂದ. ಹರಾಜಿನ ಅಂಗಳದ ಮರದ ಹೊಟ್ಟನ್ನು ಗುಡಿಸಿ ಮ್ಯಾಟ್ ಹಾಸಿದ್ದೂ ಆಯಿತು. ಸುತ್ತ ಮೆಟ್ಟಿಲು ಮೆಟ್ಟಿಲಾದ ಬೆಂಚುಗಳಲ್ಲಿ ಎರಡೂ ಕಡೆಯ ದನದವರು ಟೋಪಿ ಹಾಕಿಕೊಂಡು ಬಂದು ಕೂತರು. ಆಗ ರೆಫರಿ ಕೇಳಿದ: “ತೂಕದ ಯಂತ್ರ ಎಲ್ಲಿ?”

ಡೆಲ್ಮರ್ ಟ್ರೈಲರಿನ ಕಡೆ ಓಡಿ, ಬರಿಗೈಯಲ್ಲಿ ವಾಪಸ್ ಬಂದ.

“ಗೊಜ್ಜು ಮರೀಲಿಲ್ಲ, ತಕ್ಕಡಿ ಮರೆತೆ!” ಎಂದೆ ನಾನು. “ಮ್ಯಾಟ್ ಮ್ಯಾಟ್ ಅಂತ ಕುಣೀತಿದ್ದೆಯಲ್ಲ, ಈಗ ಕುಣಿ.”

ತೂಕವಿಲ್ಲದೆ ಕುಸ್ತಿ ಇಲ್ಲ. ಆ ಶೆಡ್ಡಿನಲ್ಲಿ ಇದ್ದ ತಕ್ಕಡಿ ಒಂದೇ, ಹೋರಿಗಳು ಒಳಗೆ ಬರುವ ಬಾಗಿಲಲ್ಲಿ ನೆಲಕ್ಕೆ ಹುಗಿದದ್ದು. ಅದರ ಅಂಕಿ ಹರಾಜುಗಾರನ ತಲೆಯ ಮೇಲೆ ಊರಗಲ ದೀಪದಲ್ಲಿ ಬೆಳಗುತ್ತದೆ. ಹದಿನೇಳು ವರ್ಷದ ಹುಡುಗಿ, ತುಂಬಿದ ಶೆಡ್, ಎಲ್ಲರ ಕಣ್ಣಿನ ಎದುರು ತೂಕ. ನನಗೇ ನಾಚಿಕೆಯಾಯಿತು. ಡೆಲ್ಮರ್ ಟ್ರೆಸಾಳ ಹತ್ತಿರ ಹೋಗಿ, ನಾನು ಹಿಂದೆಂದೂ ಕೇಳದಷ್ಟು ಮೆಲ್ಲಗೆ, “ಬೇಡ ಅಂದ್ರೆ ಬೇಡ ಮಗಳೇ. ತಪ್ಪು ನಂದು,” ಎಂದ.

ಟ್ರೆಸಾ ಬೂಟು ಬಿಚ್ಚಿದಳು. “ನಮ್ಮಪ್ಪ ಪ್ರತಿ ವರ್ಷಾನೂ ಇಲ್ಲೇ ಹೋರಿ ಮಾರೋದು. ತಕ್ಕಡಿ ನನಗೇನು ಹೊಸದಲ್ಲ,” ಎಂದು ಹೋಗಿ ನಿಂತೇ ಬಿಟ್ಟಳು. ಮಿತಿಯೊಳಗೇ ಇದ್ದಳು. ಹಿಂದೆಯೇ ಶೌನಾ ಹತ್ತಿದಳು. “ನನ್ನ ಯಾರೂ ಹರಾಜು ಕೂಗ್ಬೇಡಿ, ಅಷ್ಟು ಸಾಕು!” ಎಂದಳು. ಶೆಡ್ಡೇ ಹಾರಿಹೋಗುವಂತೆ ನಕ್ಕರು, ಆ ಇಬ್ಬರು ಹುಡುಗಿಯರೂ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು.

ಆಮೇಲೆ ನಗು ಇರಲಿಲ್ಲ. ಸೀಟಿ ಊದಿದ ಮರುಕ್ಷಣ ಶೌನಾ ಟ್ರೆಸಾಳ ಕಾಲಿಗೆ ಕೈ ಹಾಕಿ ಎತ್ತಿ ಒಗೆದಳು. ಟ್ರೆಸಾ ಹೊಟ್ಟೆಯ ಮೇಲೆ ಹೊರಳಿ, ತಪ್ಪಿಸಿಕೊಂಡು ಎದ್ದಳು. ಮತ್ತೆ ಬಿದ್ದಳು, ಮತ್ತೆ ಎದ್ದಳು. ಎರಡನೆಯ ಸುತ್ತಿನಲ್ಲಿ ಅವಳೇ ಶೌನಾಳ ಸೊಂಟ ಹಿಡಿದು ಕೆಡವಿದಾಗ ದನದವರು ಟೋಪಿ ಬೀಸಿ ಕೂಗಿದರು. ಡೆಲ್ಮರ್ ಮ್ಯಾಟಿನ ಅಂಚಿನಲ್ಲಿ ಮಂಡಿಯೂರಿ, “ಸೊಂಟ! ಸೊಂಟ ಬಿಡಬೇಡ!” ಎಂದು ಅರಚುತ್ತಿದ್ದ. ಮೂರು ಸುತ್ತೂ ಮುಗಿದವು, ಯಾರೂ ಚಿತ್ ಆಗಲಿಲ್ಲ. ಅಂಕಗಳಲ್ಲಿ ಶೌನಾ ಗೆದ್ದಳು.

ಇಬ್ಬರೂ ರೆಫರಿಯ ಎರಡು ಪಕ್ಕ ನಿಂತರು. ಟ್ರೆಸಾ ಏದುಸಿರು ಬಿಡುತ್ತ, ಇಡೀ ಚಳಿಗಾಲದ ಅಭ್ಯಾಸಬಲದಿಂದ, ತನ್ನ ಕೈಯನ್ನು ತಾನೇ ಮೇಲಕ್ಕೆ ಚಾಚಿದಳು. ರೆಫರಿ ಎತ್ತಿದ್ದು ಶೌನಾಳ ಕೈ.

ಒಂದು ಗಳಿಗೆ ಟ್ರೆಸಾ ತನ್ನ ಎತ್ತಿದ ಕೈಯನ್ನೇ ನೋಡಿದಳು. ಆಮೇಲೆ ಅದನ್ನು ಇಳಿಸಿ, ಅದರಲ್ಲೇ ಶೌನಾಳ ಕೈ ಕುಲುಕಿ, ಗೊಳ್ಳೆಂದು ನಗುತ್ತ ನಮ್ಮ ಕಡೆ ಬಂದಳು. ತುಟಿ ಒಡೆದು ರಕ್ತ, ಮೈಯೆಲ್ಲ ಬೆವರು. ನನಗೆ ಕಣ್ಣು ತುಂಬಿ ಬಂತು, ಡೆಲ್ಮರನ ಕಣ್ಣುಗಳೂ ತುಂಬಿದ್ದವು. ಅವನು ಧೂಳೆಂದು ಹೇಳಿಕೊಂಡ.

“ಹಿಂದಿನ ಗೆಲುವುಗಳನ್ನೆಲ್ಲ ಅಳಿಸಿಬಿಡಿ ಕೋಚ್,” ಎಂದಳು ಟ್ರೆಸಾ. “ಈ ಸೋಲು ಇರ್ಲಿ.”

“ಬಿಡ್ತೀನಿ ಅಂದಿದ್ದೆಯಲ್ಲ?”

“ಯಾರು ಬಿಡೋರು? ಅವಳನ್ನ ಇನ್ನೊಂದ್ಸಲ ಕರೀರಿ.”

ಆಗಲೇ ಹುಡುಗರು ಅಂಗಳದ ಆ ತುದಿಯಲ್ಲಿ ಬಾಗಿ ಅಂಟುಪಟ್ಟಿ ಕೀಳಲು ಶುರುಮಾಡಿದ್ದರು.

“ಏಯ್, ಮ್ಯಾಟ್ ಸುತ್ತಬೇಡ್ರೋ!” ಎಂದು ಡೆಲ್ಮರ್ ಕೂಗಿದ ಕೂಗು ಗೆರೆಯಾಚೆಯ ರಾಜ್ಯಕ್ಕೂ ಕೇಳಿಸಿರಬೇಕು. ನಾನು ದಾಲ್ಚಿನ್ನಿ ರೋಲನ್ನು ಪಕ್ಕಕ್ಕಿಟ್ಟು, ಗಡಿಯಾರವನ್ನು ಮತ್ತೆ ಮೊದಲಿಗೆ ತಿರುಗಿಸಿದೆ.