ಭಟ್ಟಿಯಕ್ಕನ ಬಲಗೈ

ಕಳೆದ ಬೇಸಿಗೆಯಲ್ಲಿ ಮಗ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟ. ಅವನ ಮಗಳ ಮಗುವಿಗೆ ಇನ್ನೂ ಎರಡು ತುಂಬಿರಲಿಲ್ಲ. ಅದಕ್ಕೆ ಮೊದಲ ಸಲ ಥೀಮ್ ಪಾರ್ಕ್ ತೋರಿಸುವ ಸಂಭ್ರಮ ಮನೆಮಂದಿಗೆಲ್ಲ. ಗೇಟು ದಾಟಿದ ಕೂಡಲೇ ಒಂದು ಗಾಜಿನ ಪೆಟ್ಟಿಗೆಯೊಳಗೆ ಜೋಳದ ಅರಳು ಪಟಪಟ ಸಿಡಿಯುತ್ತಿತ್ತು. ಬೆಣ್ಣೆಯ ವಾಸನೆ ಎಷ್ಟು ಚೆನ್ನಾಗಿದೆ ಎಂದರು ಎಲ್ಲರೂ. ನನ್ನ ಮೂಗಿಗೆ ಬಡಿದದ್ದು ಅದರ ಅಡಿಯಲ್ಲಿದ್ದ ಇನ್ನೊಂದು ವಾಸನೆ. ಕಾಳು ಬಿಸಿಗೆ ಒಡೆದು ಅರಳುವಾಗ ಬರುವ, ಕೊಂಚ ಸೀದ, ಕೊಂಚ ಸಿಹಿಯಾದ ವಾಸನೆ. ನಾನು ಅಲ್ಲೇ ನಿಂತುಬಿಟ್ಟೆ. "ಸುಸ್ತಾಯ್ತಾ ಅವ್ವ?" ಎಂದು ಮಗ ಕೂರಲು ಜಾಗ ಹುಡುಕಲು ಓಡಿದ. ಸುಸ್ತೇನೂ ಆಗಿರಲಿಲ್ಲ. ಸೊರಬದಲ್ಲಿ ನಮ್ಮ ಗೋಡೆಯ ಆಚೆ ಮಂಡಕ್ಕಿ ಹುರಿಯುತ್ತಿದ್ದ ಆಕೆ ನೆನಪಾಗಿದ್ದಳು…

ಐವತ್ತರ ದಶಕದ ಕೊನೆಯ ಮಾತು. ನಾನು ಮದುವೆಯಾಗಿ ಸೊರಬಕ್ಕೆ ಬಂದು ಮೂರು ವರ್ಷವಾಗಿತ್ತೇನೋ. ನಮ್ಮವರು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ಅತ್ತೆ, ನಾನು, ಆಗಷ್ಟೇ ನಡೆಯಲು ಕಲಿತಿದ್ದ ಮಗ. ಪಕ್ಕದ ಮನೆಯ ಹಿತ್ತಿಲಲ್ಲಿ ಮಂಡಕ್ಕಿ ಭಟ್ಟಿ ಇತ್ತು. ಅದನ್ನು ನಡೆಸುತ್ತಿದ್ದವಳನ್ನು ಬೀದಿಯೆಲ್ಲ ಭಟ್ಟಿಯಕ್ಕ ಎಂದೇ ಕರೆಯುತ್ತಿತ್ತು. ಆಕೆಯ ತವರು ಶಿಕಾರಿಪುರ. ದೊಡ್ಡ ಬಾಣಲೆಯಲ್ಲಿ ಮರಳು ಕೆಂಪಾಗುವಷ್ಟು ಕಾಯಿಸಿ, ಉಪ್ಪು ಬೆರೆಸಿದ ಅಕ್ಕಿ ಸುರಿದು, ಉದ್ದ ಹಿಡಿಯ ಕಬ್ಬಿಣದ ಸೌಟಿನಲ್ಲಿ ಒಂದೇ ಸಮ ತಿರುವುತ್ತಿದ್ದಳು. ಆ ಕೆಲಸದಿಂದ ಆಕೆಯ ಬಲತೋಳು ಗರಡಿಯವರ ತೋಳಿನಂತಾಗಿತ್ತು. ಮೊಣಕೈವರೆಗೂ ಮರಳು ಸಿಡಿದ ಸುಟ್ಟ ಕಲೆಗಳು.

ಊರವರು ಆಕೆಗೆ ಹೆದರುತ್ತಿದ್ದರು. ಆಕೆಯ ಗಂಡ ಕುಡಿದು ಬಂದು ಬಡಿಯುವುದನ್ನು ಬಹಳ ವರ್ಷ ಸಹಿಸಿಕೊಂಡಿದ್ದಳಂತೆ. ಒಂದು ದಿನ ಅದೇ ಸೌಟಿನಿಂದ ಅವನ ಬೆನ್ನು ಸೀಳುವ ಹಾಗೆ ಬಾರಿಸಿ, ಬೀದಿಯುದ್ದಕ್ಕೂ ಅಟ್ಟಿಸಿಕೊಂಡು ಹೋಗಿ ಊರು ಬಿಡಿಸಿದ್ದಳು. ಅದು ನಾನು ಬರುವ ಮೊದಲಿನ ಕತೆ. ಸಂತೆಯಲ್ಲಿ ಒಬ್ಬ ತೂಕದಲ್ಲಿ ಮೋಸ ಮಾಡಿ, ಮೇಲಿಂದ ಕೆಟ್ಟ ಮಾತಾಡಿದ್ದಕ್ಕೆ ಅವನ ತಕ್ಕಡಿಯಿಂದಲೇ ಅವನ ಹಲ್ಲು ಮುರಿದದ್ದನ್ನು ಮಾತ್ರ ನಾನೇ ಕಂಡಿದ್ದೆ. "ಅದು ಹೆಂಗಸಲ್ಲ ಮಾರಾಯ್ತಿ, ಅದರ ಸಹವಾಸ ಬೇಡ" ಎಂದು ಅತ್ತೆ ನನಗೆ ಮೊದಲ ವಾರವೇ ಎಚ್ಚರಿಸಿದ್ದರು.

ನನ್ನ ಮಗನಿಗೆ ಆ ಎಚ್ಚರಿಕೆ ತಿಳಿಯುವುದೆಲ್ಲಿ? ಬಾಗಿಲು ತೆರೆದಿದ್ದರೆ ಸಾಕು, ತಪ್ಪು ಹೆಜ್ಜೆ ಹಾಕುತ್ತಾ ಆ ಮನೆಗೆ ಹೋಗಿಬಿಡುತ್ತಿದ್ದ. ಆಕೆಗೆ ಮಕ್ಕಳು ನಿಂತಿರಲಿಲ್ಲ. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಬಿಸಿ ಮಂಡಕ್ಕಿಯನ್ನು ಊದಿ ಊದಿ ಆರಿಸಿ ಬಾಯಿಗಿಡುತ್ತಿದ್ದಳು. ಆ ಗಟ್ಟಿ ಕೈ ಅಷ್ಟು ಮೆತ್ತಗೂ ಇರಬಲ್ಲದೆಂದು ನನಗೆ ಗೊತ್ತಾದದ್ದು ಹಾಗೆ.

ಆ ಚಳಿಗಾಲ ಶಿಕಾರಿಪುರದ ಕೆರೆಯ ಹತ್ತಿರದ ಬಯಲಿಗೆ ಒಂದು ಆಟದ ಕಂಪನಿ ಬಂದಿಳಿಯಿತು. ಎತ್ತರದ ತಿರುಗು ತೊಟ್ಟಿಲು, ಸುತ್ತುವ ಮರದ ಕುದುರೆಗಳು, ಕನ್ನಡಿ ಡೇರೆ ಎಲ್ಲ ಇದೆಯೆಂದು ಬಸ್ಸಿನವರು ಸುದ್ದಿ ತಂದರು. ನಮ್ಮ ಕಡೆಯವರು ಅಂಥದ್ದನ್ನು ಕಂಡದ್ದೇ ಇಲ್ಲ. ಒಂದು ಬೆಳಿಗ್ಗೆ ಭಟ್ಟಿಯಕ್ಕ ನಮ್ಮ ಬಾಗಿಲಿಗೆ ಬಂದು ನಿಂತಳು.

"ಅತ್ತಿ, ಕೂಸಿಗೆ ಕುದುರಿ ತೋರ್ಸ್ಕಂಡು ಬರ್ತೀವ್ರಿ. ನಮ್ಮಣ್ಣನ ಮನಿ ಐತಲ್ಲ, ಅಲ್ಲೇ ಇದ್ದು ನಾಳಿ ಬರ್ತೀವಿ."

"ಎಂತಕ್ಕೆ ಅಷ್ಟು ದೂರ? ಅಷ್ಟು ಸಣ್ಣ ಮಗೀಗೆ ಎಂತ ತಿಳೀತದೆ?" ಎಂದರು ಅತ್ತೆ.

"ತಿಳೀದಿದ್ರೆ ಬ್ಯಾಡ, ನೋಡ್ಲಿ. ನೋಡಿ ನಗ್ಲಿ."

ಅತ್ತೆ ಬೇಡವೆನ್ನಲು ಹೆದರಿದರೋ, ಆಕೆಯ ಮುಖದಲ್ಲಿದ್ದ ಆಸೆಗೆ ಕರಗಿದರೋ, ಈಗಲೂ ಹೇಳಲಾರೆ. ನಮ್ಮವರೂ ಹೂಂ ಎಂದರು. ಮಗನನ್ನು ಎತ್ತಿಕೊಂಡು ನಾನೂ ಆಕೆಯ ಜೊತೆ ಹೊರಟೆ. ಶಿರಾಳಕೊಪ್ಪದ ಮೇಲಿನಿಂದ ಹೋಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಗ ಆಕೆಯ ತೊಡೆಯ ಮೇಲೇ ಇದ್ದ. ಎದುರಿಗೆ ಬಂದ ಎತ್ತಿನ ಗಾಡಿಗಳನ್ನೆಲ್ಲ ಆಕೆ ಅವನಿಗೆ ತೋರಿಸಿದಳು. ಬಳ್ಳಿಗಾವಿಗೆ ತಿರುಗುವ ದಾರಿಯಲ್ಲಿ ಹತ್ತಿದ ಒಬ್ಬಾಕೆ, "ಯಾರ ಕಡೆ ಹೋಲಿಕೆ ಮಗು?" ಎಂದು ಕೇಳಿದಾಗ ಭಟ್ಟಿಯಕ್ಕ ಅವನನ್ನು ಎದೆಗವಚಿಕೊಂಡು ನಕ್ಕಳು.

ಬಯಲು ಜನದಿಂದ ತುಂಬಿತ್ತು. ಮಧ್ಯಾಹ್ನದ ಬಿಸಿಲು. ದೊಡ್ಡ ತೊಟ್ಟಿಲನ್ನು ಇಬ್ಬರು ಆಳುಗಳು ಕೈಯಿಂದ ದೂಡಿ, ಅಡ್ಡಪಟ್ಟಿಗಳ ಮೇಲೆ ಹತ್ತಿ ಇಳಿದು ತಿರುಗಿಸುತ್ತಿದ್ದರು. ಅದರ ಪಕ್ಕದಲ್ಲೇ ಕುದುರೆಗಳು. ಕುದುರೆ ಆಡಿಸುತ್ತಿದ್ದವನು ವಯಸ್ಸಾದವನು, ಸಣಕಲು, ಯಾವ ಸೀಮೆಯವನೋ. ಅವನ ಮಾತು ನಮಗೆ ತಿಳಿಯುತ್ತಿರಲಿಲ್ಲ. ನನ್ನ ಮಗನನ್ನು ನೀಲಿ ಕುದುರೆಯ ಮೇಲೆ ಕೂರಿಸಿ, ಬಿದ್ದಾನೆಂದು ತನ್ನ ಹೆಗಲ ಟವೆಲನ್ನೇ ತೆಗೆದು ಅವನ ಸೊಂಟ ಸುತ್ತಿ ಕಂಬಕ್ಕೆ ಕಟ್ಟಿದ. ನನಗೆ ಪಕ್ಕದಲ್ಲಿ ಹಿಡಿದು ನಿಲ್ಲುವಂತೆ ಸನ್ನೆ ಮಾಡಿದ. ಪಕ್ಕದಲ್ಲಿ ಕೋಟು ತೊಟ್ಟ ಒಬ್ಬರು, ಊರಿನ ಮರ್ಯಾದಸ್ಥರಂತೆ ಕಾಣುವವರು, ನಗುತ್ತಾ ಮಗನ ಕೆನ್ನೆ ಹಿಂಡಿ, "ಸವಾರ ಹೊಂಟ ನೋಡ್ರಿ!" ಎಂದರು. ಕುದುರೆಗಳು ಸುತ್ತತೊಡಗಿದವು. ಒಂದು ಸುತ್ತು ಹೆದರಿ ಅತ್ತವನು ಎರಡನೆಯ ಸುತ್ತಿಗೆ ಕೇಕೆ ಹಾಕತೊಡಗಿದ. ಭಟ್ಟಿಯಕ್ಕ ಕೆಳಗೆ ನಿಂತು, ಅವನು ಎದುರಿಗೆ ಬಂದಾಗೆಲ್ಲ ಚಪ್ಪಾಳೆ ತಟ್ಟುತ್ತಿದ್ದಳು. ನೋಡಿ ಅವನೂ ತಟ್ಟುತ್ತಿದ್ದ.

ಆಗ ದೊಡ್ಡ ತೊಟ್ಟಿಲಿನ ಕಡೆಯಿಂದ ಕಬ್ಬಿಣ ಮುರಿದ ಸದ್ದು ಬಂತು. ಒಂದು ತೊಟ್ಟಿಲು ಒಂದೇ ಕಡೆಯಿಂದ ಜೋತುಬಿತ್ತು. ಅದರಿಂದ ಒಬ್ಬ ಹುಡುಗಿ ಕೆಳಗೆ ಬಿದ್ದಳು. ಹಸಿರು ಲಂಗ ಗಾಳಿಯಲ್ಲಿ ತೆರೆದುಕೊಂಡದ್ದು ಕಂಡಿತು, ಆಮೇಲೆ ನೆಲಕ್ಕೆ ಬಡಿದ ಸದ್ದು. ತಲೆಯಿಂದ ರಕ್ತ ಹರಿದು ಧೂಳು ಕಪ್ಪಾಯಿತು. ಅವಳ ತಾಯಿ ಕಿರುಚಿದ ಕೂಗಿಗೆ ಬಯಲೆಲ್ಲ ಆ ಕಡೆ ತಿರುಗಿತು.

"ಸತ್ತ್ಲೋ! ಹುಡುಗಿ ಸತ್ತ್ಲು!"

ತೊಟ್ಟಿಲು ತಿರುಗಿಸುತ್ತಿದ್ದ ಇಬ್ಬರೂ ಡೇರೆಗಳ ಹಿಂದೆ ಓಡಿ ಮಾಯವಾದರು. ಓಡದೆ ಉಳಿದವನು ಕುದುರೆಯವನು. ಮಕ್ಕಳು ಬಿದ್ದಾರೆಂದು ತನ್ನ ಕುದುರೆಗಳನ್ನು ಮೈಯೊಡ್ಡಿ ನಿಲ್ಲಿಸುತ್ತಿದ್ದ. ಅವನೇ ಸಿಕ್ಕ.

"ಕುಡ್ದು ಆಡಸ್ತಾರ ಬೋಳಿಮಕ್ಳು! ಹಾಕ್ರೋ ಅವನಿಗೆ!"

ಕೂಗಿದವರು ಅದೇ ಕೋಟಿನವರು. ಮೊದಲ ಏಟು ಹೊಡೆದವರೂ ಅವರೇ. ಕುದುರೆಯವನು ಕೈಮುಗಿದು ತನ್ನ ಭಾಷೆಯಲ್ಲಿ ಏನೋ ಹೇಳುತ್ತಾ ದೊಡ್ಡ ತೊಟ್ಟಿಲಿನ ಕಡೆ ಬೆರಳು ತೋರಿಸುತ್ತಿದ್ದ. ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾಗಿದ್ದರೂ ಕೇಳುತ್ತಿದ್ದರೆಂದು ನನಗನ್ನಿಸುವುದಿಲ್ಲ. ಡೇರೆಯ ಗೂಟಗಳನ್ನು ಕಿತ್ತರು. ಚಪ್ಪಲಿ, ಬಾರುಕೋಲು, ಕಲ್ಲು, ಕೈಗೆ ಸಿಕ್ಕಿದ್ದರಿಂದ ಬಡಿದರು. ಅವನ ಹುಬ್ಬು ಸೀಳಿ ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಯಿತು. ಬಿದ್ದವನನ್ನು ಎಬ್ಬಿಸಿ ನಿಲ್ಲಿಸಿ ಮತ್ತೆ ಬೀಳಿಸಿದರು. ಹಿಂದಿನವರಿಗೆ ಅವನು ಸಿಗದೆ, ಮುಂದಿನವರನ್ನು ಸರಿಸಿ ಸರಿಸಿ ಒಳಗೆ ನುಗ್ಗುತ್ತಿದ್ದರು. ಸ್ವಲ್ಪ ಹೊತ್ತಿನ ಹಿಂದೆ ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಿಂತಿದ್ದವರೇ ಅವರೆಲ್ಲ…

ಇದೆಲ್ಲ ನನ್ನಿಂದ ನಾಲ್ಕು ಮಾರು ದೂರದಲ್ಲಿ. ನಾನು ಮಗನನ್ನು ಬಿಡಿಸಲು ಹೆಣಗುತ್ತಿದ್ದೆ. ಟವೆಲಿನ ಗಂಟು ಬಿಗಿಯಾಗಿತ್ತು. ಆಗ ಅವನ ನಗು ಕೇಳಿಸಿತು. ಕುದುರೆಯ ಮೇಲೆ ಕುಳಿತೇ ಅವನು ಆ ಬಡಿದಾಟ ನೋಡುತ್ತಿದ್ದ. ಗೂಟ ಮೇಲೆದ್ದು ಕೆಳಗಿಳಿದಾಗೆಲ್ಲ ಕೇಕೆ ಹಾಕಿ ಚಪ್ಪಾಳೆ ತಟ್ಟುತ್ತಿದ್ದ.

ಭಟ್ಟಿಯಕ್ಕ ಅದನ್ನು ನೋಡಿದಳು.

"ಕೂಸಿನ ಕಣ್ ಮುಚ್ಚು!" ಎಂದು ಚೀರಿದಳು.

ನಾನು ಅಂಗೈ ಅಡ್ಡ ಹಿಡಿದೆ. ಅವನು ನನ್ನ ಕೈಯನ್ನು ದೂಡಿ ಮತ್ತೆ ನೋಡಿದ. ಅಷ್ಟರಲ್ಲಿ ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಂಪಿಗೆ ನುಗ್ಗಿಯಾಗಿತ್ತು.

ಆಕೆ ಯಾರಿಗೂ ಬುದ್ಧಿ ಹೇಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಒಬ್ಬನ ಜುಟ್ಟು ಹಿಡಿದು ಹಿಂದಕ್ಕೆಳೆದು ಕೆಡವಿದಳು. ಇನ್ನೊಬ್ಬನ ಕತ್ತಿನ ಪಟ್ಟಿ ಹಿಡಿದು ಕುದುರೆಯ ಕಂಬಕ್ಕೆ ಅವನ ಹಣೆ ಬಡಿದಳು. ಕೋಟಿನವರು ತಿರುಗಿ ನೋಡುವಷ್ಟರಲ್ಲಿ ಬಲಮುಷ್ಟಿಯಿಂದ ಅವರ ಮುಖಕ್ಕೆ ಗುದ್ದಿದಳು. ಮೂಗಿನ ಮೂಳೆ ಕುಸಿದದ್ದು ನನಗೆ ಕಂಡಿತು. ಆಮೇಲೆ ನೆಲದಲ್ಲಿ ಮುದುಡಿ ಬಿದ್ದಿದ್ದ ಕುದುರೆಯವನ ಮೇಲೆ ಕಾಲು ಅಗಲಿಸಿ ನಿಂತಳು. ಬೆನ್ನಿಗೆ ಏಟು ಬಿದ್ದವು, ಕದಲಲಿಲ್ಲ. ಕೋಟಿನವರು ಮೂಗಿನಿಂದ ರಕ್ತ ಸುರಿಸಿಕೊಂಡೇ ಗೂಟವನ್ನು ಎರಡೂ ಕೈಯಲ್ಲಿ ಎತ್ತಿದರು. ಆಕೆ ಬಲಗೈ ಅಡ್ಡ ಕೊಟ್ಟಳು. ಹಸಿ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಮೊಣಕೈ ಕೆಳಗೆ ತೋಳು ಬಾಗಿ ಜೋತುಬಿತ್ತು.

ಆಕೆ ತುಟಿ ಕಚ್ಚಿಕೊಂಡು ಎಡಗೈ ಎತ್ತಿದಳು.

"ಇನ್ನೊಂದ್ ಕೈ ಐತಿ. ಬಾ."

ಕೋಟಿನವರು ಜೋತಾಡುತ್ತಿದ್ದ ಆ ಕೈಯನ್ನೇ ನೋಡುತ್ತಾ ನಿಂತರು. ಗೂಟ ಅವರ ಕೈಯಿಂದ ಜಾರಿತು. ಅದೇ ಹೊತ್ತಿಗೆ ಆಚೆಯಿಂದ ಯಾರೋ, "ನೀರು ಕೇಳ್ತಾ ಐತ್ರೋ ಹುಡುಗಿ! ಜೀವ ಐತಿ!" ಎಂದು ಕೂಗಿದರು. ಹುಡುಗಿ ಬದುಕಿದ್ದಳು. ಕಾಲು ಮುರಿದಿತ್ತು, ತಲೆ ಒಡೆದಿತ್ತು, ಆದರೆ ಬದುಕಿದ್ದಳು. ಜನ ಒಬ್ಬೊಬ್ಬರೇ ಕೈಯಲ್ಲಿದ್ದುದನ್ನು ಕೆಳಗೆ ಹಾಕಿ, ತಮ್ಮ ತಮ್ಮ ಮಕ್ಕಳ ಹೆಸರು ಕೂಗುತ್ತಾ ಚದುರಿದರು.

ಕುದುರೆಯವನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ಆಸ್ಪತ್ರೆಗೆ ಸಾಗಿಸಿದರು. ಕಂಪನಿ ಮರುದಿನವೇ ಡೇರೆ ಕಿತ್ತಿತು. ಅವನು ಉಳಿದನೋ ಇಲ್ಲವೋ… ಗೊತ್ತಾಗಲೇ ಇಲ್ಲ.

ಆಕೆಯ ಅಣ್ಣನ ಮನೆಯಲ್ಲಿ ನಾಟಿ ವೈದ್ಯರು ಬಂದು ಮೂಳೆ ಕೂಡಿಸಿ, ಬಿದಿರು ದಬ್ಬೆ ಇಟ್ಟು ಕಟ್ಟಿದರು. ಅವರು ಕೈ ಎಳೆದಾಗ ಆಕೆಯ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಅವರು ಹೋದ ಮೇಲೆ ನಾನು ಅಳುತ್ತಾ ಕೇಳಿದೆ: "ನಿನಗೆ ಯಾಕೆ ಬೇಕಿತ್ತಕ್ಕ ಅದು? ಅವನು ಯಾರೋ, ನಾವು ಯಾರೋ."

ಆಕೆ ಮಲಗಿದ್ದ ಮಗನ ಕಡೆ ತಿರುಗಿದಳು.

"ಕೂಸು ನಗ್ತಿತ್ತಲ್ಲ ತಂಗಿ. ಅದನ್ನೂ ಆಟ ಅನ್ಕಂತು ಅದು. ನಾನು ನೋಡು ಅಂತ ಕರ್ಕಂಡು ಬಂದಿದ್ದು ಇದನ್ನೇನು?"

ಎಡಗೈಯಿಂದ ಅವನ ಹೊದಿಕೆ ಸರಿಮಾಡಿದಳು.

ಆ ಕೈ ಸರಿಯಾಗಿ ಕೂಡಲಿಲ್ಲ. ಮಣಿಕಟ್ಟು ಒಳಕ್ಕೆ ತಿರುಗಿಕೊಂಡೇ ಉಳಿಯಿತು, ಬೆರಳು ಮಡಚಲು ಬರುತ್ತಿರಲಿಲ್ಲ. ಸೊರಬಕ್ಕೆ ಮರಳಿ ಎಡಗೈಯಲ್ಲಿ ಸೌಟು ಹಿಡಿಯಲು ನೋಡಿದಳು. ಅಕ್ಕಿ ಸೀಯುತ್ತಿತ್ತು. ಬಿಸಿ ಮರಳು ಪಾದಕ್ಕೆ ಚೆಲ್ಲುತ್ತಿತ್ತು. ನಾನು ಹೋಗಿ ಜರಡಿ ಹಿಡಿಯುತ್ತಿದ್ದೆ. ಅತ್ತೆ ನೋಡಿಯೂ ನೋಡದವರಂತಿದ್ದರು.

ಬಲಗೈ ಹೋದ ಸುದ್ದಿ ಎಲ್ಲಿಯೋ ಇದ್ದ ಗಂಡನಿಗೆ ಮುಟ್ಟಿತು. ಮುಂಗಾರಿಗೆ ಮೊದಲು ಅವನು ಹಿಂದಿರುಗಿದ. ಬಂದ ಸಂಜೆಯೇ ಗೋಡೆಯಾಚೆಯಿಂದ ಪಾತ್ರೆ ಉರುಳಿದ ಸದ್ದು, ಮೈಮೇಲೆ ಏಟು ಬಿದ್ದ ಸದ್ದು. "ಈಗ ಎತ್ತೇ ಕೈ! ಎತ್ತು ನೋಡಾಣ!" ಎಂದು ಅವನು ಒದರುತ್ತಿದ್ದ. ಆಕೆಯ ದನಿ ಇಲ್ಲವೇ ಇಲ್ಲ. ಮಗ ನನ್ನ ಸೀರೆ ಹಿಡಿದು ಆ ಗೋಡೆಯನ್ನೇ ನೋಡುತ್ತಿದ್ದ. ಈ ಸಲ ಅವನು ನಗಲಿಲ್ಲ.

ಅತ್ತೆ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. ಮೂಲೆಯಲ್ಲಿದ್ದ ಒನಕೆ ಎತ್ತಿಕೊಂಡರು. "ಮಗೀನ ಒಳಗೆ ಹಾಕಿ ಅಗುಳಿ ಹಾಕು. ನೀನೂ ಬಾ" ಎಂದರು. ಜೋರು ದನಿಯಲ್ಲಿ ಮಾತಾಡಿದ್ದನ್ನೂ ನಾನು ಕೇಳಿರದ ಹೆಂಗಸು ಅವರು. ಪಕ್ಕದ ಮನೆಯ ಬಾಗಿಲನ್ನು ಕಾಲಿನಿಂದ ಒದ್ದು ತೆರೆದರು. ಅವನು ಆಕೆಯ ಮುರಿದ ಕೈಯನ್ನು ಮೆಟ್ಟಿ ನಿಂತಿದ್ದ. ಅತ್ತೆ ಒನಕೆಯ ತುದಿಯಿಂದ ಅವನ ಮಂಡಿಗೆ ಕುಟ್ಟಿದರು. ಅವನು ಕುಸಿದ ಮೇಲೂ ಕುಟ್ಟಿದರು. ನಾನು ಹಿಡಿದು ಎಳೆಯದಿದ್ದರೆ ನಿಲ್ಲಿಸುತ್ತಿರಲಿಲ್ಲವೇನೋ. ಅವನು ತೆವಳಿಕೊಂಡು ಬೀದಿಗೆ ಬಿದ್ದ. ಮತ್ತೆ ಆ ಕಡೆ ಕಾಣಿಸಲಿಲ್ಲ.

ಭಟ್ಟಿಯಕ್ಕ ಗೋಡೆಗೊರಗಿ ಕುಳಿತು ಬಾಯಿಯ ರಕ್ತ ಉಗಿದಳು. ಅತ್ತೆಯ ನಡುಗುವ ಕೈಗಳನ್ನು ನೋಡಿ, "ಕುಂದ್ರ್ರಿ ಅತ್ತಿ. ಮೊದ್ಲ ಸಲ ಹಂಗೇ ನಡುಗ್ತೈತಿ" ಎಂದಳು. ಅತ್ತೆ ಒನಕೆ ಬಿಟ್ಟು ಆಕೆಯ ತಲೆಯನ್ನು ಎದೆಗೆ ಒತ್ತಿಕೊಂಡು ಗೊಳೋ ಎಂದು ಅತ್ತರು.

ಆ ಮಳೆಗಾಲದಲ್ಲಿ ಆಕೆಯ ಅಣ್ಣ ಬಂದು ಕರೆದುಕೊಂಡು ಹೋದ. ಬಸ್ಸು ಹತ್ತುವಾಗ ಮಗ ಆಕೆಯ ಕುತ್ತಿಗೆ ಬಿಡಲಿಲ್ಲ. ಒಂದೊಂದೇ ಬೆರಳು ಬಿಡಿಸಿ ನನ್ನ ಕೈಗೆ ಕೊಟ್ಟಳು. ಒಂದೆರಡು ವರ್ಷದ ಮೇಲೆ ಅಣ್ಣ ಭಟ್ಟಿಯ ಬಾಣಲೆ, ಜರಡಿಗಳನ್ನು ಗಾಡಿಗೆ ಹೇರಿಕೊಳ್ಳಲು ಬಂದಾಗಲೇ ನಮಗೆ ತಿಳಿದದ್ದು, ಜ್ವರದಲ್ಲಿ ಆಕೆ ತೀರಿಕೊಂಡು ಆಗಲೇ ಬಹಳ ದಿನವಾಗಿತ್ತೆಂದು. "ಹೇಳಿ ಕಳಿಸಬಾರದಿತ್ತಾ?" ಎಂದರು ಅತ್ತೆ. ಅವನು ತಲೆ ತಗ್ಗಿಸಿ ಹಗ್ಗ ಬಿಗಿಯುತ್ತಿದ್ದ.

ಪಾರ್ಕಿನಲ್ಲಿ ಮಗ ನನಗೊಂದು ಬೆಂಚು ಹುಡುಕಿ ಕೂರಿಸಿ, ಪಕ್ಕದಲ್ಲೇ ಕುಳಿತ. ಅರವತ್ತು ದಾಟಿದವನು, ಅವನಿಗೂ ಮೊಣಕಾಲು ನೋವು. "ನಮ್ಮ ಪಕ್ಕದ ಮನೆಯಲ್ಲಿ ಭಟ್ಟಿಯಕ್ಕ ಅಂತ ಇದ್ದಳು, ನೆನಪಿದೆಯಾ?" ಎಂದು ಕೇಳಿದೆ. ಹುಬ್ಬು ಗಂಟಿಕ್ಕಿ ನಿಜವಾಗಿಯೂ ಯೋಚಿಸಿದ. "ಇಲ್ಲವ್ವ. ಯಾರು ಅವರು?" ನಾನು ಹೇಳಲು ಶುರು ಮಾಡಿದೆ. ಕತೆ ಶಿಕಾರಿಪುರದ ಬಸ್ಸಿನವರೆಗೆ ಬಂದಿತ್ತು, ಅಷ್ಟರಲ್ಲಿ ಅವನ ಮಗಳು ದೂರದಿಂದ ಕೈಬೀಸಿ ಕರೆದಳು. ಮಗುವಿನ ಸರದಿ ಬಂದಿತ್ತು. "ಬಂದೆ ಇರವ್ವ" ಎಂದು ಅವನು ಎದ್ದು ಹೋದ.

ಅತ್ತೆ ಹೋದರು, ನಮ್ಮವರು ಹೋದರು. ಆ ಬೀದಿಯ ಹಳಬರು ಯಾರೂ ಉಳಿದಿಲ್ಲ. ಆಕೆಯದೊಂದು ಫೋಟೋ ಕೂಡ ಯಾರ ಬಳಿಯೂ ಇಲ್ಲ. ಆಕೆಯನ್ನು ಕಣ್ಣಾರೆ ಕಂಡವರಲ್ಲಿ ಈಗ ಜೀವಂತವಾಗಿರುವವರು ನಾವಿಬ್ಬರೇ. ಅವನಿಗೆ ನೆನಪಿಲ್ಲ. ನನಗೆ ಎಂಬತ್ತಾರು…