ತಿರುಗುವ ವಾಲ್ವಿನ ಕಾರು

ದುಂಡಸಿಯ ನಮ್ಮ ತವರುಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಣ್ಣ ತನ್ನ ಹಳೇ ಕಾರಿನ ಎಂಜಿನ್ ಬಿಚ್ಚಿ ಕೂತಾಗ, ಏನೋ ರಿಪೇರಿ ಇರಬೇಕು ಅಂದುಕೊಂಡಿದ್ದೆ. ಆದರೆ ಕಾರಿಗೆ ಏನೂ ಆಗಿರಲಿಲ್ಲ. ಸವಣೂರಿನ ಗ್ಯಾರೇಜೊಂದರಲ್ಲಿ ವರ್ಷಗಟ್ಟಲೆ ವಾಲ್ವ್ ಉಜ್ಜಿದವನು ಅವನು. ಬಾಗಿದ ವಾಲ್ವ್, ಮುರಿದ ಸ್ಪ್ರಿಂಗ್ ನೋಡಿ ನೋಡಿ ತಲೆಯಲ್ಲಿ ಒಂದು ವಿಚಾರ ಹೊಕ್ಕಿತ್ತು. ಎಂಜಿನ್ ಉಸಿರಾಡುವ ಬಾಗಿಲುಗಳು ಹಿಂಗ್ಯಾಕೆ ಮೇಲೆ ಕೆಳಗೆ ಕುಟ್ಟಿಕೊಳ್ಳಬೇಕು? ಅವುಗಳ ಜಾಗದಲ್ಲಿ ಕಂಡಿ ಕೊರೆದ ಕಬ್ಬಿಣದ ದಿಂಡೊಂದು ಸುಮ್ಮನೆ ತಿರುಗುತ್ತಿದ್ದರೆ ಸಾಕಲ್ಲ? ಕಂಡಿ ಒಂದು ಕಡೆ ತೆರೆದಾಗ ಗಾಳಿ ಒಳಗೆ ಬರಬೇಕು, ಇನ್ನೊಂದು ಕಡೆ ತೆರೆದಾಗ ಹೊಗೆ ಹೊರಗೆ ಹೋಗಬೇಕು. ಇದು ಹೊಸದಲ್ಲ, ಬೇರೆ ದೇಶಗಳಲ್ಲಿ ಭಾಳ ಮಂದಿ ಮಾಡಿ ಕೈಬಿಟ್ಟಿದ್ದಾರೆ ಎಂದು ಅವನೇ ಹೇಳಿದ.

"ಮತ್ತ ನೀ ಯಾಕ ಮಾಡಾಕತ್ತಿ?" ಎಂದೆ.

"ಅವ್ರು ಯಾಕ ಬಿಟ್ರು ಅನ್ನೂದು ನನ್ನ ಕೈಗೆ ತಿಳೀಬೇಕು" ಎಂದ.

ಹಾನಗಲ್ಲಿನಲ್ಲಿ ನಾನೂ ನನ್ನ ಗಂಡನೂ ಲೇಥ್ ಅಂಗಡಿ ನಡೆಸುತ್ತೇವೆ. ದಿಂಡು ಕಡೆದುಕೊಡುವುದು ನನ್ನ ಪಾಲಿಗೆ ಬಂತು. ಸ್ವಲ್ಪ ಸಡಿಲಾದರೆ ಒತ್ತಡ ಸೋರಿ ಎಂಜಿನ್ ದಮ್ಮು ಕಳೆದುಕೊಳ್ಳುತ್ತಿತ್ತು. ಬಿಗಿಯಾದರೆ ದಿಂಡು ಕಾದು, ಉಬ್ಬಿ, ಕಚ್ಚಿಕೊಳ್ಳುತ್ತಿತ್ತು. ಎಣ್ಣೆ ಹೆಚ್ಚು ಬಿಟ್ಟರೆ ಅದೇ ಒಳಗಿಳಿದು ಉರಿದು ನೀಲಿ ಹೊಗೆ. ಕಡೆದದ್ದನ್ನೇ ಮತ್ತೆ ಮತ್ತೆ ಕಡೆದೆ.

ಚಳಿಗಾಲದ ಒಂದು ಮುಂಜಾನೆ ಕಾರು ಹಾನಗಲ್, ಹಿರೇಕೆರೂರು ದಾಟಿ ಮಾಸೂರಿನ ತನಕ ಓಡಿತು. ಮದಗದ ಕೆರೆಯ ಬದಿ ನಿಲ್ಲಿಸಿ, ಬಾನೆಟ್ ಎತ್ತಿ ಇಬ್ಬರೂ ಕಿವಿಗೊಟ್ಟೆವು. ವಾಲ್ವಿನ ಕಟಕಟ ಸದ್ದೇ ಇಲ್ಲ. ಅಣ್ಣ ಅಷ್ಟು ನಕ್ಕದ್ದನ್ನು ನಾನು ಮದುವೆಯಾದ ಮೇಲೆ ನೋಡಿರಲಿಲ್ಲ. ಅದೇ ವಾರ, ನಾನು ಬೇಡ ಬೇಡ ಎನ್ನುತ್ತಿದ್ದರೂ, ಎಂಜಿನ್ನಿನ ಮೇಲೆ ಕೂರುವ ಹಳೆಯ ವಾಲ್ವಿನ ಹೆಡ್ಡನ್ನು ಗುಜರಿಗೆ ಹಾಕಿಬಿಟ್ಟ.

ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ಹೊಸ ದಿಂಡು ತಗೊಂಡು ದುಂಡಸಿಗೆ ಹೋಗಿದ್ದೆ. ಮಧ್ಯಾಹ್ನ ಮೆಣಸಿನಕಾಯಿ ಹರವಿ ಒಳಗೆ ಬಂದ ಅವ್ವನಿಗೆ ಉಬ್ಬಸ ಹತ್ತಿತು. ಯಾವತ್ತಿನಂಥದಲ್ಲ. ತುಟಿ ಕಪ್ಪಿಟ್ಟವು.

"ಯಾರದರ ಗಾಡಿ ಕರಿ" ಎಂದೆ.

"ಅದು ಬರೂದ್ರಾಗ ಶಿಗ್ಗಾಂವಿ ದವಾಖಾನಿ ಮುಟ್ಟಿರ್ತೇವಿ. ಕುಂದರ್ಸು ಆಕೀನ್ನ" ಎಂದ ಅಣ್ಣ.

ಅವ್ವನನ್ನು ಎದೆಗೆ ಆನಿಸಿಕೊಂಡು ಹಿಂದೆ ಕೂತೆ. ಅರ್ಧ ದಾರಿಯಲ್ಲಿ ಎಂಜಿನ್ನಿನಿಂದ ಸಣ್ಣಗೆ ಕೀರಲು ದನಿ ಎದ್ದಿತು. ಏನೆಂದು ಇಬ್ಬರಿಗೂ ಗೊತ್ತು.

"ಅಣ್ಣಾ, ಕಾದೈತಿ. ನಿಲ್ಲಸು. ಬ್ಯಾರೆ ಗಾಡಿ ನೋಡೂಣು."

ಕನ್ನಡಿಯಲ್ಲಿ ಅವ್ವನ ಮುಖ ನೋಡಿದ. ನಿಲ್ಲಿಸಲಿಲ್ಲ. ಇನ್ನಷ್ಟು ಒತ್ತಿದ. ಸ್ವಲ್ಪ ದೂರದಲ್ಲೇ ದಿಂಡು ಕಚ್ಚಿತು, ಅದನ್ನು ತಿರುಗಿಸುವ ಬೆಲ್ಟ್ ಹರಿಯಿತು, ಕಾರು ಹೊಲಗಳ ನಡುವೆ ನಿಂತುಬಿಟ್ಟಿತು. ಅಣ್ಣ ಇಳಿದು ಬಾನೆಟ್ ಎತ್ತಿದ. ಕೈಯಲ್ಲಿ ಪಾನಾ ಹಿಡಿದು ನಿಂತ, ಯಾವ ಬೋಲ್ಟಿಗೂ ಹಚ್ಚಲಿಲ್ಲ. ನಾನು ರಸ್ತೆಯ ನಡುವೆ ಹೋಗಿ ಎರಡೂ ಕೈ ಎತ್ತಿದೆ.

ಬಂದದ್ದು ದುಂಡಸಿಯಿಂದ ಶಿಗ್ಗಾಂವಿಗೆ ಹೊರಟಿದ್ದ ಬಸ್ಸು. ಒಳಗಿದ್ದ ಹೆಂಗಸರು ಇಳಿದು ಅವ್ವನನ್ನು ಎತ್ತಿಕೊಂಡರು. ಕಂಡಕ್ಟರ್ ಎದ್ದು ನಿಂತು ಹೇಳಿದ: "ನಡುವ ಯಾರೂ ಇಳಿಯೂದು ಬ್ಯಾಡ್ರಿ. ಮೊದ್ಲ ದವಾಖಾನಿ." ಯಾರೂ ಗೊಣಗಲಿಲ್ಲ. ಬಸ್ಸು ನೇರ ಆಸ್ಪತ್ರೆಯ ಮುಂದೆ ನಿಂತಿತು. ಅಣ್ಣ ಬಸ್ಸು ಹತ್ತಿರಲಿಲ್ಲ. ಕರೆದರೂ ಬಂದಿರಲಿಲ್ಲ.

ಹೊತ್ತು ಇಳಿಯುವಾಗ ನಡೆದುಕೊಂಡು ಬಂದ. ಅವ್ವನ ಮುಖಕ್ಕೆ ಆಕ್ಸಿಜನ್ ಹಾಕಿದ್ದರು. ಇನ್ನೊಂದಿಷ್ಟು ತಡವಾಗಿದ್ದರೆ ನಮ್ಮ ಕೈಲಿ ಇರ್ತಿರಲಿಲ್ಲ ಎಂದು ಡಾಕ್ಟರು ನನಗೆ ಹೇಳಿದ್ದನ್ನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಒಳಗೆ ಬರಲಿಲ್ಲ.

ಅವ್ವ ಉಳಿದಳು, ಆದರೆ ಮೊದಲಿನ ಹಾಗಾಗಲಿಲ್ಲ. ಈಗ ಅಂಗಳ ದಾಟುವಾಗ ನಡುವೆ ಕಟ್ಟೆಗೆ ಕೂತು ಸುಧಾರಿಸಿಕೊಳ್ಳುತ್ತಾಳೆ. ಅಣ್ಣ ಹುಬ್ಬಳ್ಳಿಯಿಂದ ಸಾದಾ ಹೆಡ್ ತಂದು ಕಾರಿಗೆ ಕೂಡಿಸಿದ, ಶೆಡ್ಡಿನ ಬಾಗಿಲು ಹಾಕಿದ. ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವನೇ ನನಗೆ ಹೇಳಿದಳು: "ಅಂವಾ ಒಂದು ಮಾತೂ ಆಡವಲ್ಲ. ನನ್ನ ಸಲುವಾಗಿ ಆ ಕೆಲಸ ಬಿಟ್ಟಿದ್ರ, ಬಿಡಬ್ಯಾಡ ಅನ್ನು."

ಹೇಳಿದೆ. ಅಣ್ಣ ನೆಲ ನೋಡುತ್ತ ಕೂತಿದ್ದ.

"ದಿಂಡು ಒದರಿದ್ದು ನನಗ ಕೇಳಿಸಿತ್ತು. ನೀ ಹೇಳಿದ್ದೂ ಕೇಳಿಸಿತ್ತು. ಮುಟ್ಟೇ ಮುಟ್ಟತೈತಿ ಅನ್ನಿಸಿತು. ಆ ಅನ್ನಿಸಿಕಿ ಎಲ್ಲಿಂದ ಬಂತೋ, ಅದಕ್ಕ ಹೆದರತೇನಿ."



ಈ ವರ್ಷ ಮತ್ತೆ ಶುರುಮಾಡಿದ್ದಾನೆ. ಬೇರೊಂದು ಹಳೇ ಎಂಜಿನ್ನನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು ನೆಲಕ್ಕೆ ಕಟ್ಟಿಹಾಕಿದ್ದಾನೆ, ಗಾಲಿಯ ಮಾತೇ ಇಲ್ಲ. ದಿಂಡಿನ ಸುತ್ತ ಒತ್ತಡ ಸೋರದಂತೆ ತಡೆಯುವ ಸೀಲುಗಳನ್ನು ಕೂಡಿಸಿ ನೋಡುತ್ತಿದ್ದಾನೆ. ಕೇಳಿದಾಗ ನಾನು ಕಡೆದುಕೊಡುತ್ತೇನೆ, ಆದರೆ ಸ್ಟಾರ್ಟ್ ಮಾಡುವಾಗ ಶೆಡ್ಡಿಗೆ ಹೋಗುವುದಿಲ್ಲ. ಮೊನ್ನೆ ಫೋನು ಮಾಡಿ, ಕಾದಾಗ ಇನ್ನೂ ಕಚ್ಚಾಕತ್ತೈತಿ ಎಂದ. ಮೊದಲು ಅವ್ವನ ಉಸಿರು ಹೇಗಿದೆ ಎಂದು ಕೇಳಿದೆ. ಆಮೇಲೆ ಅಳತೆ ಬರೆದುಕೊಂಡೆ.