ಎಡಕ್ಕೆ ವಾಲಿದ ಎಂಜಿನ್

ಹಲ್ಲುಚಕ್ರದ ಹಬೆ ರೈಲು ಎಂಜಿನ್‌ಗಳ ತಯಾರಿಕೆಯ ಇತಿಹಾಸ ನನಗೆ ಚೆನ್ನಾಗಿ ಗೊತ್ತು. ಸುದ್ದಿಮನೆಯಲ್ಲಿ ಬೇರೆಯವರ ತಪ್ಪು ತಿದ್ದುತ್ತಲೇ ಇದ್ದ ನಾನು ಬಿಡುವಿನಲ್ಲಿ ಕಲಿತದ್ದು ಅದೊಂದೇ. ಯಾರೂ ಕೇಳಿರಲಿಲ್ಲ. ಕಳೆದ ವರ್ಷ ಚನ್ನಪಟ್ಟಣದ ನನ್ನ ತಂಗಿ ಕೇಳಿದಳು, ಅದೂ ಅರ್ಧ.

ಅವಳದು ಮರದ ಆಟಿಕೆ ಮಾಡುವ ಸಣ್ಣ ಕಾರ್ಖಾನೆ. ಬೆಂಗಳೂರಿನ ಅಂಗಡಿಯೊಂದರ ಮೇಡಂ ಹೊಸ ರೈಲಿನ ಮಾದರಿ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಸುಮ್ಮನೆ ಕೂತಿದ್ದ, ಮರ ಕಡೆಯುವ ಎರಡನೇ ಲೇತ್‌ಗೂ ಕೆಲಸ.

"ಎಲ್ರೂ ಮಾಡೋ ರೈಲು ಬ್ಯಾಡ ಕಣಣ್ಣ. ಒಸಿ ಬೇರೆ ಥರದ್ದು ಹೇಳು," ಅಂದಳು.

ನಾನು ಒಸಿಯಲ್ಲಿ ನಿಲ್ಲಿಸಲಿಲ್ಲ. ಅಮೆರಿಕದ ಕಾಡುಗಳಲ್ಲಿ ದಿಮ್ಮಿ ಎಳೆಯಲು ಇವು ಹುಟ್ಟಿದ್ದು, ಹಲ್ಲುಚಕ್ರಗಳ ಮೂಲಕ ಬಲ ಎಲ್ಲ ಗಾಲಿಗೂ ಹೋಗುವುದರಿಂದ ನಿಧಾನವಾಗಿಯಾದರೂ ಕಡಿದಾದ ಏರು ಹತ್ತುತ್ತಿದ್ದದ್ದು, ಪೇಟೆಂಟಿನ ಪೈಪೋಟಿಯಲ್ಲಿ ಒಂದೊಂದು ಕಂಪನಿ ಸಿಲಿಂಡರನ್ನು ಒಂದೊಂದು ಕಡೆ ಇಟ್ಟದ್ದು, ಕೊನೆಗೆ ಲಾರಿಗಳು ಬಂದು ತಯಾರಿಕೆ ನಿಂತದ್ದು, ಎಲ್ಲ ಹೇಳಿದೆ. ಅಷ್ಟರಲ್ಲಿ ಅವಳು ಒಂದು ಬುಟ್ಟಿ ಗಾಲಿಗೆ ಅರಗಿನ ಬಣ್ಣ ಹಚ್ಚಿ ಮುಗಿಸಿದ್ದಳು.

ಅತಿ ಹೆಚ್ಚು ತಯಾರಾದ ಮಾದರಿಯನ್ನೇ ಆರಿಸಿದೆ. ಅದರಲ್ಲಿ ಸಿಲಿಂಡರುಗಳು ಬಲಗಡೆ ಸಾಲಾಗಿ ನಿಂತಿರುತ್ತವೆ. ಆ ಭಾರಕ್ಕೆ ಸರಿದೂಗಲೆಂದು ಬಾಯ್ಲರ್ ಎಡಕ್ಕೆ ಸರಿದಿರುತ್ತದೆ.

"ನಡುವ್ಕೆ ಕೂರಿಸ್ಲಾ?" ಅಂದಳು ತಂಗಿ.

"ಇತಿಹಾಸದಲ್ಲಿ ಎಡಕ್ಕೈತೆ."

ಅವಳು ಎಡಕ್ಕೇ ತೂತು ಕೊರೆದು ಕೂರಿಸಿದಳು. ಬಾಯ್ಲರ್ ದಪ್ಪ ಹಾಲೆಮರದ್ದು, ಸಿಲಿಂಡರುಗಳು ಬಳಪದಷ್ಟು ಸಣ್ಣವು. ಇದು ನನಗೆ ಹೊಳೆಯಲಿಲ್ಲ.

ಮೇಡಂ ಬಂದರು. ಬಣ್ಣ ಮೆಚ್ಚಿದರು. ದಾರ ಹಿಡಿದು ಎಳೆದರು. ಮೊದಲ ತಿರುವಿನಲ್ಲೇ ಎಂಜಿನ್ ಎಡಕ್ಕೆ ವಾಲಿ ಮಲಗಿತು. ಎತ್ತಿ ನಿಲ್ಲಿಸಿದರೆ ಮತ್ತೆ ಮಲಗಿತು. ನಾನು, ಅಸಲಿ ಎಂಜಿನ್ನಿನ ಸಿಲಿಂಡರುಗಳು ಕಬ್ಬಿಣದವು, ಅದು ಬೀಳುತ್ತಿರಲಿಲ್ಲ ಎಂದು ವಿವರಿಸಿದೆ.

ಮೇಡಂ ಪೂರ್ತಿ ಕೇಳಿಸಿಕೊಂಡರು. "ಸರ್, ಇದನ್ನ ಮಕ್ಕಳಿಗೆ ಹೇಳೋಕೆ ಒಂದೊಂದು ಡಬ್ಬಿ ಜೊತೆ ನೀವೂ ಬರ್ತೀರಾ?"

"ಒಸಿ ಕೂತ್ಕಳಿ ಮೇಡಂ," ಅಂದಳು ತಂಗಿ. ಬಾಯ್ಲರನ್ನು ಎಳೆದಳು, ಸಲೀಸಾಗಿ ಬಂತು. ಅಂಟು ಹಾಕಿರಲಿಲ್ಲ, ಅಣ್ಣನನ್ನು ಬಲ್ಲವಳು. ನಡುವೆ ತೂತು ಕೊರೆದು ಕೂರಿಸಿದಳು. ಎಂಜಿನ್ ನೆಟ್ಟಗೆ ಓಡಿತು. ಎಡಗಡೆ ಹಳೇ ತೂತು ಮಾತ್ರ ಬಾಯಿಬಿಟ್ಟುಕೊಂಡಿತ್ತು. ಹತ್ತಿರದ ಬುಟ್ಟಿಯಿಂದ ಗೂಟದ ಗೊಂಬೆಯೊಂದನ್ನು ತೆಗೆದು ಅದಕ್ಕೆ ಸಿಕ್ಕಿಸಿದಳು.

"ಇದ್ಯಾರು?" ಅಂದರು ಮೇಡಂ.

"ನಮ್ಮಣ್ಣ. ಜೊತೇಲಿ ಬರ್ತೀರಾ ಅಂದ್ರಲ್ಲ."

ಮೇಡಂ ನಕ್ಕರು. ಗೊಂಬೆ ಸಮೇತ ಆರ್ಡರ್ ಕೊಟ್ಟರು. ಈಗ ಎರಡು ಲೇತೂ ಓಡುತ್ತಿವೆ.

ಎಂಜಿನ್ ಓಡಿಸುವವರು ಬಾಯ್ಲರಿನ ಪಕ್ಕ ಆ ಜಾಗದಲ್ಲಿ ಎಂದೂ ನಿಲ್ಲುತ್ತಿರಲಿಲ್ಲ. ಅದನ್ನು ನಾನು ಈವರೆಗೆ ತಂಗಿಗೆ ಹೇಳಿಲ್ಲ.